ಸುಮ್ನ ಹಾಡ್ಕೊಂಡಿರು ಅನ್ನೋರಿಗೆ

ಒಬ್ಬ ಹಾಡುಗಾರನೋ ವಾದ್ಯ ನುಡಿಸೋನೋ ಜಾತಿ ಬಗ್ಗೆ, ಊರಿನ ಜಗಳದ ಬಗ್ಗೆ, ಸರ್ಕಾರದ ಬಗ್ಗೆ ಒಂದು ಮಾತಾಡಲಿ. ಹತ್ತು ನಿಮಿಷದಾಗ ಅವನಿಗೆ ಬರೋ ಉತ್ತರ ಒಂದೇ: "ನಿಂಗ್ಯಾಕಪ್ಪ ಇದೆಲ್ಲ? ಸುಮ್ನ ಹಾಡ್ಕೊಂಡಿರು." ಹಿಂಗ ಹೇಳೋರು ಕೆಟ್ಟವರೇನಲ್ಲ. ಬಹಳಷ್ಟು ಮಂದಿ ಅವನ ಹಾಡನ್ನ ನಿಜವಾಗಲೂ ಮೆಚ್ಚಿದವರು. ಮನೆಯಾಗ ಅವನ ಹಾಡು ಹಚ್ಚಿಕೊಂಡೇ ಅಡುಗೆ ಮಾಡೋರು, ಕಾರು ಓಡಿಸೋರು. ಅವರ ತಕರಾರು ಇಷ್ಟೇ: ಸಂಗೀತ ಅನ್ನೋದು ಒಂದು ಸ್ವಚ್ಛ ಜಾಗ, ಅಲ್ಲಿಗೆ ಹೊರಗಿನ ಕೆಸರು ತರಬೇಡ.

ಈ ಮಾತಿಗೆ ನನ್ನ ವಿರೋಧ ಐತಿ. ಕಲಾವಿದನಿಗೂ ಮಾತಾಡೋ ಹಕ್ಕು ಐತಿ ಅಂತ ನಾನು ವಾದ ಮಾಡೋಕೆ ಹೊರಟಿಲ್ಲ. ಅದು ಸಂವಿಧಾನ ಎಲ್ಲರಿಗೂ ಕೊಟ್ಟ ಹಕ್ಕು, ಅದಕ್ಕೆ ನನ್ನ ವಕಾಲತ್ತು ಬೇಕಾಗಿಲ್ಲ. ನಾನು ಹೇಳೋದು ಬೇರೆ. "ಸುಮ್ನ ಹಾಡೋದು" ಅನ್ನೋದೊಂದು ಈ ನೆಲದ ಮೇಲೆ ಯಾವತ್ತೂ ಇರಲೇ ಇಲ್ಲ. ಯಾರೂ ಸುಮ್ನ ಹಾಡಿಲ್ಲ. ಇಲ್ಲದ ಒಂದು ವಸ್ತುವನ್ನ ತೋರಿಸಿ, ಅಲ್ಲಿಗೆ ವಾಪಸ್ ಹೋಗು ಅಂತ ನಾವು ಕಲಾವಿದರಿಗೆ ಹೇಳ್ತಾ ಇದೀವಿ.

ನಾನು ಸಿಂಧನೂರು ತಾಲೂಕಿನ ಸಾಲಗುಂದದವನು. ಬಿಇ ಮುಗಿಸಿ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಸಂಗೀತ ಶಾಸ್ತ್ರ ಕಲಿತವನಲ್ಲ, ಕೇಳೋದು ಮಾತ್ರ ಗೊತ್ತು. ನಮ್ಮ ಸೀಮೆ ಅಂದ್ರೆ ಬೆಂಗಳೂರಿನ ಗೆಳೆಯರಿಗೆ ಸೋನಾ ಮಸೂರಿ ಅಕ್ಕಿ, ಸುಡೋ ಬಿಸಿಲು, ಎಡದಂಡೆ ಕಾಲುವೆ ನೀರಿನ ಗಲಾಟೆ, ಇಷ್ಟೇ ನೆನಪಾಗೋದು. ಹಾಡು ನೆನಪಾಗೋದಿಲ್ಲ. ಆದ್ರೆ ಈ ಸೀಮೆಯ ಹಾಡಿನ ಚರಿತ್ರೆ ಒಂಚೂರು ತಿರುವಿ ನೋಡ್ರಿ.

ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. 12ನೇ ಶತಮಾನದವರು. ಬಿದ್ದ ಅಕ್ಕಿ ಆರಿಸಿ ತಂದು ದಾಸೋಹ ಮಾಡ್ತಿದ್ದ ಗಂಡ ಒಂದು ದಿನ ಹೆಚ್ಚಿಗೆ ಅಕ್ಕಿ ಹೊತ್ತು ತಂದ. ಇಷ್ಟು ನಮಗ್ಯಾಕೆ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ಹೆಂಡತಿ ವಾಪಸ್ ಕಳಿಸಿದಳು. ಈ ಕತೆ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಆ ಲಕ್ಕಮ್ಮನ ವಚನಗಳನ್ನ ಇವತ್ತು ದೊಡ್ಡ ದೊಡ್ಡ ಗಾಯಕರು ರಾಗ ಹಾಕಿ ಹಾಡ್ತಾರೆ. ಎದುರಿಗೆ ಕುಂತು ತಲೆದೂಗೋರಲ್ಲಿ ಎಷ್ಟೋ ಮಂದಿ "ಹಾಡಿನಾಗ ರಾಜಕೀಯ ಬೇಡ" ಅನ್ನೋರೇ. ಅಲ್ರೀ, ಹೆಚ್ಚಿಗೆ ತಂದದ್ದನ್ನ ವಾಪಸ್ ಸುರಿದು ಬಾ ಅನ್ನೋದಕ್ಕಿಂತ ದೊಡ್ಡ ರಾಜಕೀಯ ಇನ್ನೇನು ಬೇಕು?

ಮಾನ್ವಿ ಕಡೆ ಬರ್ರಿ. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು. ಲಿಂಗಸುಗೂರಿಗೆ ಬಂದ್ರೆ ಪ್ರಾಣೇಶದಾಸರು. ಸಂಸ್ಕೃತ ಬಲ್ಲ ಕೆಲವೇ ಮಂದಿಯ ಹತ್ತಿರ ಗಂಟು ಕಟ್ಟಿ ಇಟ್ಟಿದ್ದ ಶಾಸ್ತ್ರವನ್ನ ಕನ್ನಡಕ್ಕೆ ತಂದು, ತಂಬೂರಿ ಹಿಡಿದು, ಹಾಡಾಗಿ ಜನರ ಬಾಯಿಗೆ ಹಾಕಿದವರು ಈ ದಾಸರು. ಅದು ಭಕ್ತಿ, ಹೌದು. ಭಕ್ತಿಯ ಜೊತೆಗೆ ಅದು ಯಾರಿಗೆ ಗೊತ್ತಿರಬೇಕು, ಯಾರಿಗೆ ಗೊತ್ತಿರಬಾರದು ಅನ್ನೋ ಪ್ರಶ್ನೆಗೆ ಕೊಟ್ಟ ಉತ್ತರವೂ ಹೌದು.

ಇನ್ನು ಮುದಗಲ್ಲಿನ ಮೊಹರಂ. ಆ ಹಬ್ಬಕ್ಕೆ ಎಲ್ಲೆಲ್ಲಿಂದ ಜನ ಬರ್ತಾರೆ, ಯಾವ ಯಾವ ಜಾತಿಯವರು ಅಲಾಯಿ ದೇವರಿಗೆ ಹರಕೆ ಹೊರ್ತಾರೆ ಅಂತ ಕಣ್ಣಾರೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಕರ್ನಾಟಕದಾಗ ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಸಹಿತ ಅಲಾಯಿ ಕೂಡಿಸ್ತಾರೆ. ಕರ್ಬಲಾದ ಕತೆಯನ್ನ ಅಚ್ಚ ಹಳ್ಳಿ ಕನ್ನಡದಾಗ ರಿವಾಯತ್ ಪದ ಮಾಡಿ ಹಾಡ್ತಾರೆ. ಹಾಡೋನು ಕುರುಬರವನೋ, ನಾಯಕರವನೋ, ಲಿಂಗಾಯತರವನೋ ಯಾರೂ ಕೇಳೋದಿಲ್ಲ, ದನಿ ಇದ್ರೆ ಸಾಕು. ಈ ಪದ ಹಾಡೋ ಮನುಷ್ಯನಿಗೆ "ನೀನು ಸುಮ್ನ ಹಾಡ್ಕೊಂಡಿರು, ಹಿಂದೂ ಮುಸ್ಲಿಂ ವಿಷಯ ನಿನಗ್ಯಾಕೆ" ಅಂದ್ರೆ ಅವನು ಏನನ್ನ ಹಾಡಬೇಕು? ಅವನ ಹಾಡೇ ಆ ವಿಷಯ.

ಹಳೇದೆಲ್ಲ ಬಿಡ್ರಿ, ನಮ್ಮ ಕಾಲದ ಒಬ್ಬರನ್ನ ತಗೊಳ್ಳೋಣ. ಸರೋದ್ ವಾದಕ ಪಂಡಿತ್ ರಾಜೀವ ತಾರಾನಾಥ. 2024ರ ಜೂನ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. 91 ದಾಟಿತ್ತು. ಅವರು ಹೋದ ದಿನ ಎಲ್ಲರೂ ಸ್ಟೇಟಸ್ ಹಾಕಿದರು, "ನಾದಲೋಕದ ನಷ್ಟ" ಅಂದರು. ಆದರೆ ಅವರು ಯಾವ ಮನೆಯಿಂದ ಬಂದವರು, ಆ ಮನೆ ನಮ್ಮ ರಾಯಚೂರಿಗೆ ಏನು ಕೊಟ್ಟಿತ್ತು ಅನ್ನೋದನ್ನ ಬಹಳ ಮಂದಿ ಬರೀಲಿಲ್ಲ.

ಅವರ ತಂದೆ ಪಂಡಿತ ತಾರಾನಾಥರು. ರಾಯಚೂರಿನವರಿಗೆ ಈ ಹೆಸರು ಶಿಕ್ಷಣ ಸಂಸ್ಥೆಯ ಬೋರ್ಡಿನ ಮೇಲೆ ಓದಿ ಗೊತ್ತು. ಮಂಗಳೂರಿನಲ್ಲಿ 1891ರಲ್ಲಿ ಹುಟ್ಟಿದ ಮನುಷ್ಯ ನಿಜಾಮರ ರಾಜ್ಯದಾಗಿದ್ದ ರಾಯಚೂರಿಗೆ ಬಂದು, 1920ರಲ್ಲಿ ಒಂದು ಶಾಲೆ ತೆಗೆದರು. ಶಾಲೆಯ ಹೆಸರು ಹಮ್ದರ್ದ್. ಉರ್ದು ಶಬ್ದ. ಇನ್ನೊಬ್ಬರ ನೋವಿನಾಗ ಪಾಲು ತಗೊಳ್ಳೋನು ಅಂತ ಅರ್ಥ. ಆಗ ನಮ್ಮ ಭಾಗದ ಆಡಳಿತ, ಓದು ಎಲ್ಲ ಉರ್ದುವಿನಾಗ. ಕನ್ನಡ ಮಕ್ಕಳಿಗೆ ತ್ರಾಸು ಕೊಟ್ಟದ್ದೂ ಅದೇ ಭಾಷೆಯ ರಾಜ್ಯಭಾರ. ಹಂಗಿದ್ರೂ ಆ ಭಾಷೆಯ ಮೇಲೆ ಸಿಟ್ಟು ಮಾಡದೆ, ಅದರೊಳಗಿನ ಒಂದು ಒಳ್ಳೆಯ ಶಬ್ದ ಆರಿಸಿ ತನ್ನ ಶಾಲೆಗೆ ಇಟ್ಟರಲ್ಲ, ಆ ಮನುಷ್ಯನ ತಲೆ ಹೆಂಗಿತ್ತು ಯೋಚನೆ ಮಾಡ್ರಿ. ಇವತ್ತು ನಾವು ಬಸ್ ಸ್ಟ್ಯಾಂಡ್ ಬೋರ್ಡಿನಾಗ ಯಾವ ಲಿಪಿ ಮೇಲೆ ಇರಬೇಕು ಅಂತ ಹೊಡೆದಾಡೋರು.

ಆಮೇಲೆ ತುಂಗಭದ್ರೆಯ ದಂಡೆಯ ಮೇಲೆ ಪ್ರೇಮಾಯತನ ಅನ್ನೋ ಆಶ್ರಮ ಕಟ್ಟಿದರು. ಅವರು ವೈದ್ಯರು, "ಪ್ರೇಮ" ಅನ್ನೋ ಪತ್ರಿಕೆ ನಡೆಸಿದವರು, "ದೀನಬಂಧು ಕಬೀರ" ನಾಟಕ ಬರೆದವರು, ಸಂಗೀತ ಬಲ್ಲವರು. ಅವರ ಲೆಕ್ಕದಾಗ ಔಷಧ ಬೇರೆ, ನಾಟಕ ಬೇರೆ, ಶಾಲೆ ಬೇರೆ, ಹಾಡು ಬೇರೆ ಆಗಿರಲಿಲ್ಲ. 1942ರಲ್ಲಿ ಅವರು ತೀರಿಕೊಂಡಾಗ ಮಗ ರಾಜೀವ ಹತ್ತು ವರ್ಷದ ಹುಡುಗ. ಸಂಗೀತದ ಮೊದಲ ಪಾಠ ಆಗಲೇ ಅಪ್ಪನಿಂದ ಆಗಿತ್ತು.

ಆ ಹುಡುಗ ಮುಂದೆ ಇಂಗ್ಲಿಷ್ ಸಾಹಿತ್ಯ ಓದಿದರು, ಮೇಷ್ಟ್ರಾದರು, ಟಿ.ಎಸ್. ಎಲಿಯಟ್ ಕಾವ್ಯದ ಮೇಲೆ ಡಾಕ್ಟರೇಟ್ ಮಾಡಿದರು. 20ರ ಹರೆಯದಾಗ ಅಲಿ ಅಕ್ಬರ್ ಖಾನರ ಸರೋದ್ ಕಿವಿಗೆ ಬಿದ್ದಿತ್ತು, ಹಾಡೋದು ಬಿಟ್ಟು ಅದನ್ನೇ ಕಲಿಯೋಕೆ ಕಲ್ಕತ್ತೆಗೆ ಹೋದವರು. ಹಾಡುಗಾರನಾಗಿ ಒಂದು ಮಟ್ಟಕ್ಕೆ ಬಂದ ಮೇಲೆ ಮತ್ತೆ ಮೊದಲ ಪಾಠದಿಂದ ಶುರು ಮಾಡೋದು ಸಣ್ಣ ಮಾತಲ್ಲ. ಸರೋದ್ ಅಂದ್ರೆ ಸಿತಾರಿನ ಹಂಗ ಮೆಟ್ಟಿಲು ಇರೋ ವಾದ್ಯ ಅಲ್ಲ. ನುಣುಪಾದ ಉಕ್ಕಿನ ಪಟ್ಟಿ, ಅದರ ಮೇಲೆ ತಂತಿ. ಸ್ವರ ಎಲ್ಲಿ ಐತಿ ಅಂತ ತೋರಿಸೋ ಗೆರೆ ಇಲ್ಲ. ಉಗುರು ಜಾರಿಸಿ ಪ್ರತಿ ಸಲ ಹುಡುಕಿಕೊಳ್ಳಬೇಕು.

ಆ ಗುರುಮನೆ ಎಂಥದು ನೋಡ್ರಿ. ಅಲಿ ಅಕ್ಬರ್ ಖಾನರ ತಂದೆ ಬಾಬಾ ಅಲ್ಲಾವುದ್ದೀನ್ ಖಾನ್. ಮುಸಲ್ಮಾನ. ಮೈಹರಿನ ಶಾರದಾದೇವಿಯ ಭಕ್ತ. ಸಾಂಕ್ರಾಮಿಕ ರೋಗದಾಗ ಅಪ್ಪ ಅಮ್ಮನ್ನ ಕಳಕೊಂಡ ಮಕ್ಕಳನ್ನ ಕೂಡಿಸಿ, ಅವರಿಗೆ ವಾದ್ಯ ಕಲಿಸಿ, ಮೈಹರ್ ಬ್ಯಾಂಡ್ ಕಟ್ಟಿದರು. ಆ ಬ್ಯಾಂಡಿಗೆ ಬಂದೂಕಿನ ನಳಿಗೆಗಳನ್ನ ಕತ್ತರಿಸಿ, ಶ್ರುತಿಗೆ ತಂದು, ನಳ್ ತರಂಗ್ ಅನ್ನೋ ಹೊಸ ವಾದ್ಯ ಮಾಡಿದರು. ಈಗ ಹೇಳ್ರಿ, ಇದರಾಗ ಸೃಜನಶೀಲತೆ ಎಲ್ಲಿಗೆ ಮುಗೀತು, ಸಾಮಾಜಿಕ ಜವಾಬ್ದಾರಿ ಎಲ್ಲಿಂದ ಶುರುವಾಯ್ತು? ತಬ್ಬಲಿ ಮಕ್ಕಳ ಕೈಗೆ ಏನಾದ್ರೂ ಕೊಡಬೇಕು ಅನ್ನೋ ಒತ್ತಡ ಇರದಿದ್ರೆ ಆ ಹೊಸ ವಾದ್ಯ ಹುಟ್ಟುತ್ತಿತ್ತೋ ಇಲ್ಲವೋ. ನಮ್ಮ ಸೆಮಿನಾರುಗಳಲ್ಲಿ "ಸೃಜನಶೀಲತೆ ಮತ್ತು ಸಾಮಾಜಿಕ ಹೊಣೆ" ಅಂತ ನಡುವೆ ಒಂದು "ಮತ್ತು" ಹಾಕಿ ಎರಡು ಮಾಡಿಡ್ತಾರೆ. ಮಾಡೋರ ಕೈಯಾಗ ಅದು ಒಂದೇ ಕೆಲಸ.

ರಾಜೀವ ತಾರಾನಾಥರ ಬದುಕೂ ಹಂಗೇ. 1970ರ "ಸಂಸ್ಕಾರ" ಸಿನಿಮಾಕ್ಕೆ ಸಂಗೀತ ಕೊಟ್ಟವರು ಅವರು. ಅಗ್ರಹಾರದಾಗ ಬಿದ್ದ ಒಂದು ಹೆಣವನ್ನ ಯಾರು ಸುಡಬೇಕು ಅನ್ನೋ ಆ ಕತೆಗೆ ಸೆನ್ಸಾರ್ ಮೊದಲು ಅನುಮತಿಯನ್ನೇ ಕೊಟ್ಟಿರಲಿಲ್ಲ. 1977ರ ಮಲಯಾಳಂ "ಕಾಂಚನ ಸೀತಾ"ಕ್ಕೂ ಅವರದೇ ಸಂಗೀತ. ಅದರಾಗ ನಿರ್ದೇಶಕ ಅರವಿಂದನ್ ರಾಮ, ಲಕ್ಷ್ಮಣರ ಪಾತ್ರಕ್ಕೆ ಆದಿವಾಸಿಗಳನ್ನ ಹಾಕಿಕೊಂಡಿದ್ದರು. ಇಂಥ ಕೆಲಸಕ್ಕೆ ಹೂಂ ಅಂದದ್ದು ಒಂದು ನಿಲುವು. ಹಿಂದೂಸ್ತಾನಿ ಸಂಗೀತ ಹಿಂದೂ ಮುಸ್ಲಿಮರು ಕೂಡಿ ಕಟ್ಟಿದ ಮನೆ ಅನ್ನೋದನ್ನ ಅವರು ಎಲ್ಲೂ ಮುಚ್ಚಿಟ್ಟು ಮಾತಾಡಲಿಲ್ಲ. ಮುಚ್ಚಿಡೋದು ಹೆಂಗೆ ಸಾಧ್ಯ? ಅಪ್ಪ ಶಾಲೆಗೆ ಹಮ್ದರ್ದ್ ಅಂತ ಹೆಸರಿಟ್ಟವರು, ಗುರು ಖಾನ್ ಸಾಹೇಬರು.

2023ರ ಮೈಸೂರು ದಸರಾ ಹೊತ್ತಿಗೆ ಈ ಹಿರಿಯರಿಂದ ಕಛೇರಿಯ ಸಂಭಾವನೆಯಲ್ಲಿ ಕಮಿಷನ್ ಕೇಳಿದರು ಅನ್ನೋ ಆರೋಪ ಪೇಪರಿನಾಗ ಬಂತು. ದೊಡ್ಡ ಗದ್ದಲ ಆಯ್ತು. ನನಗೆ ಆಗ ಅನಿಸಿದ್ದು ಒಂದೇ. 90 ದಾಟಿದ, ಪದ್ಮಶ್ರೀ ಬಂದ, ಹೆಸರಿರೋ ಮನುಷ್ಯನ ವಿಷಯ ಆದದ್ದಕ್ಕೆ ಸುದ್ದಿಯಾದ್ರೂ ಆಯ್ತು. ನಮ್ಮ ಕಡೆಯ ಡೊಳ್ಳಿನ ತಂಡದವರು, ಭಜನೆಯವರು, ಬಯಲಾಟದವರು ಇಂಥದ್ದಕ್ಕೆ ಸಿಕ್ಕರೆ ಯಾರ ಹತ್ತಿರ ಹೋಗಿ ಹೇಳಬೇಕು? "ಹೇಳಿದ್ರೆ ಮುಂದಿನ ವರ್ಷ ಕರೆಯೋದಿಲ್ರೀ" ಅಂತಾರೆ. ಕಲಾವಿದ ಬಾಯಿ ಬಿಡಬಾರದು ಅನ್ನೋ ನಮ್ಮ ನಿಯಮದಿಂದ ಯಾರಿಗೆ ಲಾಭ ಅಂತ ಇಲ್ಲೇ ತಿಳಿಯುತ್ತೆ. ಸುಮ್ನ ಹಾಡ್ಕೊಂಡಿರೋನ ಕೈಯಿಂದ ಕಿತ್ತುಕೊಳ್ಳೋದು ಸುಲಭ.

ಈಗ ಇನ್ನೊಂದು ವಿಷಯ. ಚರ್ಮದ ವಿಷಯ.

ಸರೋದಿನ ಹೊಟ್ಟೆಗೆ ಹಚ್ಚೋದು ಆಡಿನ ಚರ್ಮ. ತಬಲಾಕ್ಕೂ ಆಡಿನ ಚರ್ಮ. ಮೃದಂಗಕ್ಕೆ ಆಡು, ಎಮ್ಮೆ, ಆಕಳು ಮೂರರದ್ದೂ ಬೇಕು. ನಮ್ಮೂರ ಹಲಗಿಯೂ ಚರ್ಮದ್ದೇ. ಮೃದಂಗ ಗರ್ಭಗುಡಿ ಎದುರಿಗೆ ಬರುತ್ತೆ, ವೇದಿಕೆ ಮೇಲೆ ಬರುತ್ತೆ, ಅದಕ್ಕೆ ಕುಂಕುಮ ಹಚ್ಚಿ ನಮಸ್ಕಾರ ಮಾಡ್ತಾರೆ. ಹಲಗಿ ಎಷ್ಟೋ ಊರುಗಳಲ್ಲಿ ಇವತ್ತಿಗೂ ಗುಡಿ ಕಟ್ಟೆಯ ಕೆಳಗೇ ನಿಲ್ಲುತ್ತೆ. ಹಲಗಿ ಇಲ್ಲದೆ ದೇವರ ಪಲ್ಲಕ್ಕಿ ಏಳೋದಿಲ್ಲ, ಹಲಗಿ ಬಡಿಯೋನು ಮಾತ್ರ ಮೆಟ್ಟಿಲು ಹತ್ತಬಾರದು. ಚರ್ಮಕ್ಕೆ ಚರ್ಮವೇ ಇರೋವಾಗ ಈ ವ್ಯತ್ಯಾಸ ವಾದ್ಯದಿಂದ ಬಂದದ್ದಲ್ಲ, ಅದನ್ನ ಮಾಡಿದ ಕೈಯ ಜಾತಿಯಿಂದ ಬಂದದ್ದು.

ಇದೇ ಪ್ರಶ್ನೆಯನ್ನ ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ಎತ್ತಿದರು. ಮೃದಂಗ ಮಾಡೋ ಕುಶಲಕರ್ಮಿಗಳ ಬಗ್ಗೆ, ಅವರಲ್ಲಿ ಬಹಳಷ್ಟು ಮಂದಿ ದಲಿತ ಕ್ರೈಸ್ತರು, ಅವರ ಬಗ್ಗೆ "ಸೆಬಾಸ್ಟಿಯನ್ ಆ್ಯಂಡ್ ಸನ್ಸ್" ಅನ್ನೋ ಪುಸ್ತಕ ಬರೆದರು. 2020ರಲ್ಲಿ ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಕೊಟ್ಟಿದ್ದ ಜಾಗ ಕಡೇ ಗಳಿಗೆಯಲ್ಲಿ ಇಲ್ಲ ಅಂತು. ನಮ್ಮ ಉತ್ತರ ಕರ್ನಾಟಕದ ಎಲ್ಲಮ್ಮನ ಜೋಗಪ್ಪಗಳ ಜೊತೆ ಒಂದೇ ವೇದಿಕೆ ಮೇಲೆ ಕುಂತು ಅವರು ಹಾಡಿದ್ದಾರೆ. ಚೆನ್ನೈನ ಮೀನುಗಾರರ ಕೇರಿಯಾಗ ಸಂಗೀತೋತ್ಸವ ಮಾಡಿದ್ದಾರೆ. 2016ರಲ್ಲಿ ಮ್ಯಾಗ್ಸೆಸೆ ಬಂತು. 2024ರ ಮಾರ್ಚಿನಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಘೋಷಿಸಿದಾಗ ಕೆಲವು ಹೆಸರಾಂತ ಕಲಾವಿದರು ಆ ವರ್ಷದ ಸಮ್ಮೇಳನದಿಂದಲೇ ಹಿಂದೆ ಸರಿದರು.

ಕೃಷ್ಣ ಹೇಳಿದ್ದೆಲ್ಲ ಒಪ್ಪಬೇಕು ಅಂತ ನಾನು ಹೇಳೋದಿಲ್ಲ. ಅವರ ಕೆಲವು ಮಾತು ನನಗೂ ಹಿಡಿಸೋದಿಲ್ಲ. ಹಳ್ಳಿ ಮಂದಿಗೆ ಶಾಸ್ತ್ರೀಯ ಸಂಗೀತ ತಲುಪಿಸೋದೇ ದೊಡ್ಡ ಉಪಕಾರ ಅನ್ನೋ ಧಾಟಿ ಪಟ್ಟಣದ ಒಳ್ಳೆ ಮನಸ್ಸಿನವರಲ್ಲಿ ಆಗಾಗ ಬರುತ್ತೆ, ಅದು ನನ್ನಂಥವನಿಗೆ ಚುಚ್ಚುತ್ತೆ. ನಮಗೇನು ಸಂಗೀತ ಇರಲಿಲ್ಲೇನು? ಆದರೆ ಅವರ ಜೊತೆ ಜಗಳ ಆಡೋದು ಬೇರೆ, ಮಾತಾಡಿದ್ದಕ್ಕೇ ಅವರನ್ನ ಸಂಗೀತದಿಂದ ಹೊರಗೆ ಹಾಕಬೇಕು ಅನ್ನೋದು ಬೇರೆ. ಮತ್ತೆ ಇದನ್ನೂ ಗಮನಿಸ್ರಿ. ರಾಜಕೀಯ ಬೇಡ ಅಂತ ಸಮ್ಮೇಳನ ಬಿಟ್ಟು ಹೋದವರು ಮಾಡಿದ್ದೂ ರಾಜಕೀಯವೇ. ಅವರಿಗೆ ಆ ಹಕ್ಕು ಐತಿ. ಇವರಿಗೂ ಐತಿ ಅಂತ ಒಪ್ಪಿಕೊಂಡ್ರೆ ಮುಗೀತು.

ಇಲ್ಲಿಗೆ ಬಂದಾಗ ಗೆಳೆಯರು ಮೂರು ಮಾತು ಹೇಳ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೇದು, "ಸಂದೇಶ ಹೇಳೋಕೆ ಹೋದ್ರೆ ಕಲೆ ಸಾಯುತ್ತೆ." ಇದರಾಗ ಸತ್ಯ ಐತಿ. ಶೌಚಾಲಯ ಕಟ್ಟಿಸಿಕೊಳ್ರಿ, ಮತ ಹಾಕ್ರಿ, ಗಿಡ ನೆಡ್ರಿ ಅಂತ ಸರ್ಕಾರಿ ಜಾಗೃತಿ ಗೀತೆಗಳನ್ನ ಕಲಾತಂಡಗಳು ಊರೂರಿಗೆ ಬಂದು ಹಾಡ್ತಾರೆ. ಪಾಪ, ಅವರ ಹೊಟ್ಟೆಪಾಡು. ಬ್ಯಾನರ್ ಹಿಡಿದು ಫೋಟೋ ಆದ ಮೇಲೆ ಆ ಹಾಡು ಯಾರ ಬಾಯಾಗೂ ಉಳಿಯೋದಿಲ್ಲ. ಇದನ್ನೇ ಸಾಮಾಜಿಕ ಜವಾಬ್ದಾರಿ ಅಂದುಕೊಂಡರೆ ಕಲೆ ಖಂಡಿತ ಸಾಯುತ್ತೆ. ಆದರೆ ನಾನು ಹೇಳೋದು ಹಾಡಿನಾಗ ಏನು ತುರುಕಬೇಕು ಅನ್ನೋ ಮಾತಲ್ಲ. ರಾಜೀವ ತಾರಾನಾಥರು ನುಡಿಸಿದ ರಾಗದಾಗ ಒಂದು ಘೋಷಣೆಯೂ ಇಲ್ಲ, ಶಬ್ದವೇ ಇಲ್ಲ. ಸಂಗೀತಗಾರನ ಹೊಣೆ ಇರೋದು ಬೇರೆ ಮೂರು ಜಾಗದಾಗ. ಯಾರಿಗೆ ಕಲಿಸ್ತಾನೆ. ಯಾರ ಪಕ್ಕ ಕೂಡ್ತಾನೆ. ಯಾವುದಕ್ಕೆ ಒಲ್ಲೆ ಅಂತಾನೆ.

ಎರಡನೇದು, "ಏನೂ ಮಾತಾಡದೆ ಬರೀ ಹಾಡಿ ಹೋದ ದೊಡ್ಡ ಕಲಾವಿದರು ಇಲ್ಲೇನು?" ಇದ್ದಾರೆ. ಆದರೆ ಅವರ ಬಾಯಿ ನೋಡಬೇಡ್ರಿ, ಕೆಲಸ ನೋಡ್ರಿ. ಗದಗಿನ ವೀರೇಶ್ವರ ಪುಣ್ಯಾಶ್ರಮ ತಗೊಳ್ರಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣು ಕಾಣ್ತಿರಲಿಲ್ಲ. ಅಂಧರು, ಬಡವರ ಮಕ್ಕಳು, ಯಾವ ಜಾತಿ ಅಂತ ಕೇಳದೆ ಊಟ ಹಾಕಿ, ಜಾಗ ಕೊಟ್ಟು, ವಿದ್ಯೆ ಕೊಟ್ಟರು. ಅಷ್ಟು ಮಕ್ಕಳ ಹೊಟ್ಟೆ ತುಂಬಿಸೋಕೆ ನಾಟಕ ಕಂಪನಿ ಕಟ್ಟಿದರು. ಪುಟ್ಟರಾಜರು ತಾವೇ ನಾಟಕ ಬರೆದರು, ಹೆಣ್ಣು ಪಾತ್ರ ಸಹಿತ ಹಾಕಿದರು. 2010ರ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡಾಗ ಗದಗಿಗೆ ಹರಿದು ಬಂದ ಜನ ಕೇವಲ ರಾಗ ಕೇಳಿದವರಾಗಿರಲಿಲ್ಲ. ಅವರು ಭಾಷಣ ಮಾಡಿ ಸಮಾಜ ತಿದ್ದೋಕೆ ಹೋಗಲಿಲ್ಲ ಅನ್ರಿ, ಒಪ್ಪೋಣ. ಆದರೆ ಸುಮ್ನ ಹಾಡ್ಕೊಂಡಿದ್ದರೇನು? ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದ ಹುಡುಗನೊಬ್ಬ ಆ ಆಶ್ರಮಕ್ಕೆ ಹೋಗದೇ ಇದ್ದಿದ್ರೆ ಇವತ್ತು ನಮಗೆ ಪಂಡಿತ್ ವೆಂಕಟೇಶ್ ಕುಮಾರ್ ಸಿಗ್ತಿರಲಿಲ್ಲ. ನಮ್ಮ ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರೇ ಐತಿ. ಅಲ್ಲಿ ಸಭೆ ಸಮಾರಂಭಕ್ಕೆ ಹೋಗೋರಲ್ಲಿ ಅವರ ಒಂದು ಹಾಡಾದ್ರೂ ಕೇಳಿದವರು ಎಷ್ಟು ಮಂದಿ ಇದ್ದಾರೋ ನೀವೇ ಕೇಳಿ ನೋಡ್ರಿ.

ಮೂರನೇದು, "ಹಾಡುಗಾರನಿಗೆ ರಾಜಕೀಯ ಏನು ತಿಳಿಯುತ್ತೆ?" ಈ ಪ್ರಶ್ನೆ ನಾವು ಗುತ್ತಿಗೆದಾರನಿಗೆ ಕೇಳೋದಿಲ್ಲ. ಅಕ್ಕಿ ಗಿರಣಿ ಸಾಹುಕಾರನಿಗೆ ಕೇಳೋದಿಲ್ಲ. ಕ್ರಿಕೆಟಿಗ ಚುನಾವಣೆಗೆ ನಿಂತರೆ ಕೇಳೋದಿಲ್ಲ. ನಮ್ಮಂಥ ಐಟಿ ಮಂದಿ ಆರ್ಥಿಕತೆ, ವಿದೇಶಾಂಗ ನೀತಿ, ಕಾಶ್ಮೀರ, ಮೀಸಲಾತಿ ಎಲ್ಲದರ ಬಗ್ಗೆ ಟೀ ಬ್ರೇಕಿನಾಗ ತೀರ್ಪು ಕೊಡ್ತೀವಿ, ನಮಗೂ ಯಾರೂ ಕೇಳೋದಿಲ್ಲ. ವರ್ಷದಾಗ ಎಂಟು ತಿಂಗಳು ಊರಿಂದ ಊರಿಗೆ ತಿರುಗಿ, ಎಲ್ಲ ಜಾತಿಯವರ ಮದುವೆ, ಸಾವು, ಜಾತ್ರೆ ನೋಡಿದ ಹಾಡುಗಾರನಿಗೆ ಮಾತ್ರ ತಿಳುವಳಿಕೆ ಇಲ್ಲ ಅಂತೀವಿ.

ನಮ್ಮ ಐಟಿ ಮಂದಿಯ ವಿಷಯ ಬಂತಲ್ಲ, ಅದನ್ನೂ ಆಡಿಬಿಡ್ತೀನಿ. ನಮಗೆ ಸಂಗೀತ ಅಂದ್ರೆ ಹೆಡ್‌ಫೋನು. ಕೋಡ್ ಬರೆಯೋವಾಗ ಏಕಾಗ್ರತೆಗೆ, ಟ್ರಾಫಿಕ್ಕಿನಾಗ ತಲೆನೋವಿಗೆ, ರಾತ್ರಿ ನಿದ್ದೆಗೆ. ಸಂಗೀತವನ್ನ ಮಾತ್ರೆ ಮಾಡಿಕೊಂಡಿದೀವಿ. ಮಾತ್ರೆಗೆ ಅಭಿಪ್ರಾಯ ಇರಬಾರದು ನೋಡ್ರಿ, ಅದಕ್ಕೇ ನಮಗೆ ಮಾತಾಡೋ ಕಲಾವಿದ ಬಂದ್ರೆ ಕಿರಿಕಿರಿ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಾಗ ರಾಜ್ಯೋತ್ಸವಕ್ಕೆ ಜನಪದ ತಂಡ ಕರೆಸಿದ್ದರು. ಮೊದಲೇ ಸೂಚನೆ ಹೋಗಿತ್ತು: ಜಾತಿ, ಧರ್ಮ, ರೈತರ ಹೋರಾಟ ಯಾವುದೂ ಹಾಡಿನಾಗ ಬರಬಾರದು, "ಎನರ್ಜಿ" ಇರಬೇಕು. ಜನಪದದಾಗ ಜಾತಿ, ಧರ್ಮ, ರೈತ ಮೂರನ್ನೂ ತೆಗೆದರೆ ಏನು ಉಳಿಯುತ್ತೆ? ತಂಡದವರು ಎರಡು ಸಿನಿಮಾ ಹಾಡು ಹಾಡಿ, ಡೊಳ್ಳು ಬಡಿದು ಹೋದರು. ಅವರಿಗೆ ಕೊಟ್ಟ ದುಡ್ಡು ಆ ದಿನದ ಕೇಕು, ಬಲೂನಿನ ಖರ್ಚಿಗಿಂತ ಕಡಿಮೆ ಇತ್ತು. ಮೇಲೆ, "ನಿಮಗೆ ಒಳ್ಳೆ ಪ್ರಚಾರ ಸಿಗುತ್ತೆ" ಅನ್ನೋ ಮಾತು ಬೇರೆ. ನಮ್ಮ ಕೆಲಸಕ್ಕೆ ಯಾರಾದ್ರೂ ಸಂಬಳದ ಬದಲು ಪ್ರಚಾರ ಕೊಡ್ತೀನಿ ಅಂದ್ರೆ ನಾವು ಒಂದು ಸಾಲು ಕೋಡ್ ಬರೀತೀವೇನು?

ಈಗಂತೂ ನಮ್ಮದೇ ಕ್ಷೇತ್ರದ ಇನ್ನೊಂದು ಕೊಡುಗೆ ಬಂದೈತಿ. ನಾಲ್ಕು ಶಬ್ದ ಟೈಪ್ ಮಾಡಿದ್ರೆ ಹಾಡು ತಯಾರು. ರಾಗ ಹೇಳ್ರಿ, ತಾಳ ಹೇಳ್ರಿ, ದನಿ ಗಂಡೋ ಹೆಣ್ಣೋ ಹೇಳ್ರಿ, ನಿಮಿಷದಾಗ ಬರುತ್ತೆ. ಕೇಳೋಕೆ ಕೆಟ್ಟದಾಗಿಯೂ ಇರೋದಿಲ್ಲ. ಇದು ಹೆಂಗೆ ಕೆಲಸ ಮಾಡುತ್ತೆ ಅಂತ ನನಗೆ ತಕ್ಕಮಟ್ಟಿಗೆ ಗೊತ್ತು. ಈವರೆಗೆ ಹಾಡಿದವರ ಲಕ್ಷಾಂತರ ಹಾಡುಗಳನ್ನ ಅರೆದು, ಮುಂದೆ ಯಾವ ಸ್ವರ ಬರಬಹುದು ಅನ್ನೋ ಅಂದಾಜು ಕಟ್ಟುತ್ತೆ. "ಸುಮ್ನ ಹಾಡ್ಕೊಂಡಿರೋ" ಕಲಾವಿದ ಬೇಕು ಅಂತ ಇಷ್ಟು ದಿನ ಬೇಡಿಕೊಂಡವರಿಗೆ ಈಗ ನಿಜವಾಗಲೂ ಅವನು ಸಿಕ್ಕಿದಾನೆ. ಸಂಭಾವನೆ ಕೇಳೋದಿಲ್ಲ, ಅಭಿಪ್ರಾಯ ಹೇಳೋದಿಲ್ಲ, ಯಾವ ಹಾಡಿಗೂ ಒಲ್ಲೆ ಅನ್ನೋದಿಲ್ಲ. ಆದರೆ ಅದು ಒಬ್ಬ ಹುಡುಗನಿಗೂ ಊಟ ಹಾಕಿ ವಿದ್ಯೆ ಕೊಡೋದಿಲ್ಲ. ಮನುಷ್ಯನ ಸಂಗೀತಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಮುಂದೆ ನಮ್ಮ ಮಕ್ಕಳು ಕೇಳಿದರೆ, ಸ್ವರದಾಗ ವ್ಯತ್ಯಾಸ ತೋರಿಸೋದು ದಿನದಿಂದ ದಿನಕ್ಕೆ ಕಷ್ಟ ಆಗುತ್ತೆ. ಹಾಡಿದ ಮನುಷ್ಯ ಹೆಂಗ ಬದುಕಿದ, ಯಾರಿಗಾಗಿ ಬದುಕಿದ ಅನ್ನೋದನ್ನೇ ತೋರಿಸಬೇಕಾಗುತ್ತೆ.

ಹಂಗಂತ ಎಲ್ಲ ಹೊಣೆಯನ್ನ ಕಲಾವಿದನ ತಲೆಗೆ ಕಟ್ಟಿ ನಾವು ಕೈ ತೊಳಕೊಳ್ಳೋದೂ ನ್ಯಾಯ ಅಲ್ಲ. ಮಾತಾಡು, ಪ್ರತಿಭಟನೆಗೆ ಬಾ, ಹಾಡು ಅಂತ ಅವನನ್ನ ಮುಂದೆ ದಬ್ಬಿ, ನಾಳೆ ಅವನ ಕಾರ್ಯಕ್ರಮ ರದ್ದಾದಾಗ ಮನೆಯಾಗ ಕುಂತಿರೋರು ನಾವೇ. ಹೊಟ್ಟೆ ತುಂಬಿದ ಕಲಾವಿದ ಒಲ್ಲೆ ಅನ್ನಬಲ್ಲ. ದಿನದ ಕೂಲಿಗೆ ಹಲಗಿ ಬಡಿಯೋನು ಹೆಂಗ ಅಂತಾನೆ? ಅವನ ಹೊಣೆಯ ಬಗ್ಗೆ ಮಾತಾಡೋ ಮೊದಲು ನಮ್ಮದು ಮಾತಾಡಬೇಕು.

ನಮ್ಮ ಕಡೆ ಜಾತ್ರಿ, ಮದುವಿ ಮೆರವಣಿಗೆಗೆ ಈಗ ಡಿಜೆ ಬಂದೈತಿ. ಡಿಜೆಯವನು ಅಡ್ವಾನ್ಸ್ ಇಲ್ಲದೆ ಗಾಡಿ ಹತ್ತಿಸೋದಿಲ್ಲ, ಕೇಳಿದಷ್ಟು ಕೊಡ್ತೀವಿ. ಹಲಗಿಯವರ ದುಡ್ಡಿಗೆ ಮಾತ್ರ ಎಲ್ಲ ಮುಗಿದ ಮೇಲೆ ಚೌಕಾಸಿ. "ಊಟ ಮಾಡಿದ್ರಲ್ಲ, ಇಷ್ಟು ಸಾಕು ತಗೋ" ಅಂತೀವಿ. ಹಲಗಿ ಬಡಿಯೋ ಒಬ್ಬ ಕಾಕಾನ್ನ ನಾನೊಮ್ಮೆ ಕೇಳಿದ್ದೆ, ಮಗನಿಗೆ ಕಲಿಸೀರೇನು ಅಂತ. "ಯಾಕ ಕಲಿಸ್ಬೇಕು ತಮ್ಮಾ? ನಿಂತು ಬಡದದ್ದು ನನ್ನ ಕಾಲಕ್ಕ ಸಾಕು" ಅಂದ. ಪರಂಪರೆ ಉಳಿಬೇಕು ಅಂತ ಲೇಖನ ಬರೆಯೋ ನಾವು ಅವನ ಈ ಮಾತಿಗೆ ಉತ್ತರ ಕೊಡಬೇಕು. ಕಲೆ ಉಳಿಬೇಕು, ಕಲೆಯ ಜೊತೆ ಬಂದ ಅವಮಾನ ಹೋಗಬೇಕು, ಎರಡೂ ಆಗದಿದ್ರೆ ಅವನ ಮಗ ಕಲಿಯದೇ ಇರೋದೇ ಸರಿ.

ದೊಡ್ಡ ಕ್ರಾಂತಿ ಏನೂ ಬೇಡ, ಸಾಲಗುಂದ, ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಮ್ಮ ವಯಸ್ಸಿನವರು ಒಂದು ಕೆಲಸ ಶುರು ಮಾಡಬಹುದು. ಜಾತ್ರಿ ಕರಪತ್ರ ನೋಡೇ ಇರ್ತೀರಿ. ಶಾಸಕರು, ಮಾಜಿ ಶಾಸಕರು, ಮುಂದೆ ಶಾಸಕರಾಗಬೇಕು ಅನ್ನೋರು, ದಾನಿಗಳು, ಅಡತ್ತಿ ಅಂಗಡಿಯವರು, ಒಬ್ಬೊಬ್ಬರ ಹೆಸರೂ ಇನಿಷಿಯಲ್ ಸಮೇತ ಇರುತ್ತೆ, ಕೆಲವರ ಫೋಟೋ ಸಹಿತ. ಕಡೆಗೆ ಒಂದು ಸಾಲು: "ಸಕಲ ವಾದ್ಯಮೇಳಗಳೊಂದಿಗೆ". ಆ ಸಕಲದಾಗ ಎಷ್ಟು ಮಂದಿ ಮನುಷ್ಯರು ಇದ್ದಾರೆ, ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಐತಿ ಅನ್ನೋದು ಯಾರಿಗೂ ಹೊಳೆಯೋದಿಲ್ಲ. ಮುಂದಿನ ಜಾತ್ರಿಗೆ ಪಟ್ಟಿ ಎತ್ತೋಕೆ ಕಮಿಟಿಯವರು ನಿಮಗೆ ಫೋನ್ ಮಾಡ್ತಾರೆ, ಬೆಂಗಳೂರಿನಾಗ ಇರೋರಿಗೆ ತಪ್ಪದೇ ಮಾಡ್ತಾರೆ. ಆಗ ದುಡ್ಡು ಕಳಿಸೋ ಮೊದಲು ಎರಡು ಮಾತು ಹೇಳ್ರಿ. ನನ್ನ ಹೆಸರು ಹಾಕದಿದ್ರೂ ನಡೀತದ, ಹಲಗಿಯವರು, ಡೊಳ್ಳಿನವರು, ಭಜನಿಯವರು, ರಿವಾಯತ್ ಪದದವರು, ಅವರವರ ಹೆಸರು ಹಾಕ್ರಿ. ಡಿಜೆಗೆ ಕೊಟ್ಟಂಗ ಅವರಿಗೂ ಅಡ್ವಾನ್ಸ್ ಕೊಟ್ಟು ಕರೀರಿ. ಕಮಿಟಿಯವರು ಒಪ್ಪದಿದ್ರೆ ಪಟ್ಟಿ ಕೊಡಬೇಡ್ರಿ.